ಸ್ಟಾರ್ ಕ್ವಾರ್ಟರ್‌ಬ್ಯಾಕ್ ಕೋಚ್ ಆದ ಮೇಲೆ: ಸ್ಟೀವ್ ಸ್ಪರಿಯರ್ ನಿಜಕ್ಕೂ ಅಷ್ಟು ದೊಡ್ಡವರಾ?

ಗೇನ್ಸ್‌ವಿಲ್_ಅಪ್ಪ
ಮಗ ಯೂನಿವರ್ಸಿಟಿ ಆಫ್ ಫ್ಲಾರಿಡಾ ಸೇರಿದ ಮೇಲೆ ನಮ್ಮ ಮನೆಯಲ್ಲಿ ಕಾಲೇಜ್ ಫುಟ್ಬಾಲ್ (ಅಮೆರಿಕನ್ ಫುಟ್ಬಾಲ್, ಸಾಕರ್ ಅಲ್ಲ) ಬಿಟ್ಟು ಬೇರೆ ಮಾತೇ ಇಲ್ಲ. ಇಲ್ಲಿ ಎಲ್ಲಿ ನೋಡಿದರೂ ಒಂದೇ ಹೆಸರು, ಸ್ಟೀವ್ ಸ್ಪರಿಯರ್. ಸ್ಟೇಡಿಯಂ ಹೊರಗೆ ಹೈಸ್ಮನ್ ಟ್ರೋಫಿ (ವರ್ಷದ ಶ್ರೇಷ್ಠ ಕಾಲೇಜ್ ಆಟಗಾರನಿಗೆ ಕೊಡೋ ಪ್ರಶಸ್ತಿ) ಗೆದ್ದ ಮೂವರು ಕ್ವಾರ್ಟರ್‌ಬ್ಯಾಕ್‌ಗಳ ಪ್ರತಿಮೆ ಇವೆ: ಸ್ಪರಿಯರ್, ಡ್ಯಾನಿ ವರ್ಫಲ್, ಟಿಮ್ ಟೀಬೋ. 2016ರಿಂದ ಮೈದಾನಕ್ಕೂ ಸ್ಪರಿಯರ್ ಹೆಸರೇ. 1966ರಲ್ಲಿ ಆಟಗಾರನಾಗಿ ಹೈಸ್ಮನ್ ಗೆದ್ದರು. 30 ವರ್ಷದ ನಂತರ ಅದೇ ಕಾಲೇಜಿಗೆ ಕೋಚ್ ಆಗಿ ನ್ಯಾಷನಲ್ ಚಾಂಪಿಯನ್‌ಶಿಪ್ ತಂದುಕೊಟ್ಟರು. ಅದೇ ವರ್ಷ ಅವರ ಶಿಷ್ಯ ವರ್ಫಲ್‌ಗೂ ಹೈಸ್ಮನ್ ಸಿಕ್ಕಿತು.

ನನ್ನ ಪ್ರಶ್ನೆ ಇಷ್ಟು. ದೊಡ್ಡ ಆಟಗಾರ ಒಳ್ಳೆ ಕೋಚ್ ಆಗೋದು ಅಪರೂಪ ಅಂತಾರೆ. ದೊಡ್ಡ ಕೋಚ್‌ಗಳನ್ನೇ ನೋಡಿ: ನಿಕ್ ಸೇಬನ್ ಕೆಂಟ್ ಸ್ಟೇಟ್‌ನಲ್ಲಿ ಡಿಫೆನ್ಸಿವ್ ಬ್ಯಾಕ್ ಆಗಿದ್ದರು, ಸ್ಟಾರ್ ಅಲ್ಲ. ಡ್ಯಾಬೋ ಸ್ವಿನ್ನಿ ಅಲಬಾಮಾ ತಂಡಕ್ಕೆ ಸ್ಕಾಲರ್‌ಶಿಪ್ ಇಲ್ಲದೇ ಸೇರಿದವರು. ಹಾಗಾದರೆ ಸ್ಪರಿಯರ್‌ಗೆ ಇದು ಹೇಗೆ ಸಾಧ್ಯವಾಯಿತು? ಪ್ರತಿಭೆಯಾ, ಅಥವಾ ಫ್ಲಾರಿಡಾದಲ್ಲಿ ಒಳ್ಳೆ ಹುಡುಗರು ಸುಲಭವಾಗಿ ಸಿಗುತ್ತಾರೆ ಅನ್ನೋದಾ?

ಸುಮ್ನೆ_ಓದ್ತೀನಿ
ಮೊದಲು ನನ್ನಂಥವರಿಗೆ ಒಂದು ಮಾತು ಹೇಳಿ. ಕ್ವಾರ್ಟರ್‌ಬ್ಯಾಕ್ ಅಂದ್ರೆ ನಮ್ಮ ಕ್ರಿಕೆಟ್ ಕ್ಯಾಪ್ಟನ್ ತರಹನಾ?

ತುಮಕೂರು_ಹುಡುಗ
@ಸುಮ್ನೆ_ಓದ್ತೀನಿ ಪೂರ್ತಿ ಹಾಗಲ್ಲ. ಪ್ರತಿ ಸಲ ಆಟ ಶುರುವಾದಾಗ ಚೆಂಡು ಮೊದಲು ಹೋಗೋದು ಸಾಮಾನ್ಯವಾಗಿ ಅವನ ಕೈಗೆ. ಎದುರು ತಂಡದ ದೈತ್ಯರು ಮೈಮೇಲೆ ಬೀಳೋಕೆ ಎರಡು ಮೂರು ಸೆಕೆಂಡ್ ಇರುತ್ತೆ. ಅಷ್ಟರಲ್ಲಿ ಯಾರಿಗೆ ಎಸೀಬೇಕು, ಎಸೀಬೇಕಾ ಬೇಡ್ವಾ ಅಂತ ತೀರ್ಮಾನ ಮಾಡಬೇಕು. ಯಾವ ಪ್ಲೇ ಆಡಬೇಕು ಅಂತ ಈಗ ಹೊರಗಿನಿಂದ ಕೋಚ್ ಹೇಳ್ತಾರೆ. ಹಾಗಾಗಿ ಕೋಚ್ ತಲೆಯೊಳಗೆ ಏನಿದೆ ಅಂತ ಜಾಸ್ತಿ ಗೊತ್ತಿರೋ ಆಟಗಾರ ಅವನೇ. ಕ್ವಾರ್ಟರ್‌ಬ್ಯಾಕ್‌ಗಳು ಕೋಚ್ ಆಗೋದು ಇದಕ್ಕೇ.

ನಾಕ್ಸ್‌ವಿಲ್_ನಾಗ
ನಾನು ಟೆನಿಸ್ಸಿ ಅಭಿಮಾನಿ, ಮೊದಲೇ ಹೇಳಿಬಿಡ್ತೀನಿ. ಸ್ಪರಿಯರ್ ಬೆಳೆದಿದ್ದು ಟೆನಿಸ್ಸಿಯ ಜಾನ್ಸನ್ ಸಿಟಿಯಲ್ಲಿ. ಅಪ್ಪ ಚರ್ಚ್‌ನಲ್ಲಿ ಪಾದ್ರಿ. ನಮ್ಮ ರಾಜ್ಯದ ಹುಡುಗ ಹೋಗಿ ಫ್ಲಾರಿಡಾ ಸೇರಿದ. ಆಮೇಲೆ ಫ್ಲಾರಿಡಾ ಕೋಚ್ ಆಗಿ ನಮ್ಮನ್ನು 12 ಸಲ ಎದುರಿಸಿ 8 ಸಲ ಸೋಲಿಸಿದ. ಸಾಲದ್ದಕ್ಕೆ ಬಾಯಿ ಬೇರೆ. ಗೆದ್ದ ಮೇಲೆ ಸೋತವರನ್ನು ಚುಚ್ಚೋದು ದೊಡ್ಡತನ ಅಲ್ಲ.

ಪ್ರಶ್ನೆಗೆ ಬರ್ತೀನಿ. ನನ್ನ ಪ್ರಕಾರ ಫ್ಲಾರಿಡಾ ರಾಜ್ಯವೇ ಅರ್ಧ ಉತ್ತರ. ಮಯಾಮಿ, ಟ್ಯಾಂಪಾ, ಜಾಕ್ಸನ್‌ವಿಲ್ ಹೈಸ್ಕೂಲ್‌ಗಳಿಂದ ಬರೋ ವೇಗದ ಹುಡುಗರು ಬೇರೆ ಯಾವ ಕೋಚ್‌ಗೆ ಸಿಕ್ಕಿದ್ದರೂ ಗೆಲ್ಲುತ್ತಿದ್ದ.

ಡರ್ಹಮ್_ರಾಯರು
ನಾಗ ಅವರೇ, ಇದನ್ನು ಒಪ್ಪೋಕೆ ಆಗಲ್ಲ. ಆ ಹುಡುಗರು 1990ಕ್ಕೆ ಮೊದಲೂ ಇದ್ದರಲ್ಲ? ಮತ್ತೆ ಅಷ್ಟು ವರ್ಷ ಫ್ಲಾರಿಡಾ ಒಂದೇ ಒಂದು ಎಸ್‌ಇಸಿ (ಆಗ್ನೇಯ ಭಾಗದ ಕಾಲೇಜುಗಳ ಕಾನ್ಫರೆನ್ಸ್, ಅಂದ್ರೆ ಗುಂಪು) ಪ್ರಶಸ್ತಿಯನ್ನು ಯಾಕೆ ಇಟ್ಟುಕೊಳ್ಳಲಿಲ್ಲ? 1984ರಲ್ಲಿ ಗೆದ್ದಿದ್ದನ್ನು ನಿಯಮ ಮುರಿದಿದ್ದಕ್ಕೆ ಕಿತ್ತುಕೊಂಡರು. ಅಧಿಕೃತವಾಗಿ ಮೊದಲ ಪ್ರಶಸ್ತಿ ಬಂದಿದ್ದು 1991ರಲ್ಲಿ, ಸ್ಪರಿಯರ್ ಬಂದ ಎರಡನೇ ವರ್ಷ.

ಆದರೆ ನೀವು ನೋಡಬೇಕಾದ್ದು ಫ್ಲಾರಿಡಾ ಅಲ್ಲ, ಡ್ಯೂಕ್. ನಾನು ಇಲ್ಲಿ ತುಂಬಾ ವರ್ಷದಿಂದ ಇದ್ದೀನಿ. ಡ್ಯೂಕ್ ಅಂದ್ರೆ ಬಾಸ್ಕೆಟ್‌ಬಾಲ್. ಫುಟ್ಬಾಲ್‌ಗೆ ಇಲ್ಲಿ ಜನ ಬರೋದೇ ಕಷ್ಟ. ಓದಿನಲ್ಲಿ ಚೆನ್ನಾಗಿರೋ ಹುಡುಗರನ್ನೇ ತಗೋಬೇಕು, ಆಯ್ಕೆಗೆ ಸಿಗೋರು ಕಡಿಮೆ. ಅಂಥ ಜಾಗಕ್ಕೆ ಸ್ಪರಿಯರ್ 1987ರಲ್ಲಿ ಹೆಡ್ ಕೋಚ್ ಆಗಿ ಬಂದರು. 1989ರ ಸೀಸನ್ ಶುರುವಾದಾಗ ಮೊದಲ ನಾಲ್ಕರಲ್ಲಿ ಮೂರು ಸೋಲು. ಆಮೇಲೆ ಕ್ಲೆಮ್ಸನ್ ಅನ್ನು ಸೋಲಿಸಿದರು, ಸತತ ಏಳು ಗೆಲುವು. ಕೊನೆಗೆ ಪಕ್ಕದ ಊರಿನ ನಾರ್ತ್ ಕ್ಯಾರೊಲೈನಾ ಮೇಲೆ ಅವರದೇ ಮೈದಾನದಲ್ಲಿ 41–0. ಸ್ಕೋರ್‌ಬೋರ್ಡ್ ಕೆಳಗೆ ಇಡೀ ತಂಡವನ್ನು ನಿಲ್ಲಿಸಿ ಫೋಟೋ ತೆಗೆಸಿದರು. ಎಸಿಸಿ (ಡ್ಯೂಕ್ ಇರೋ ಕಾನ್ಫರೆನ್ಸ್) ಪ್ರಶಸ್ತಿಯಲ್ಲಿ ಡ್ಯೂಕ್‌ಗೆ ಪಾಲು ಸಿಕ್ಕಿತು, ಅದಕ್ಕೆ ಮೊದಲು ಸಿಕ್ಕಿದ್ದು 1962ರಲ್ಲಿ.

ಫ್ಲಾರಿಡಾದ ಹುಡುಗರಿಂದ ಗೆದ್ದರು ಅನ್ನೋರು ಡ್ಯೂಕ್‌ಗೆ ಏನು ಹೇಳ್ತೀರಿ?

ನಾಕ್ಸ್‌ವಿಲ್_ನಾಗ
ಸರಿ ರಾಯರೇ, ಡ್ಯೂಕ್ ವಿಷಯ ದೊಡ್ಡದೇ. ಆದರೆ ಆ ಫೋಟೋ! ಅದೇ ನಾನು ಹೇಳ್ತಿರೋದು.

ಕೊಲಂಬಿಯಾ_ಕನ್ನಡತಿ
ಡ್ಯೂಕ್ ಮಾತ್ರ ಅಲ್ಲ, ನಮ್ಮ ಸೌತ್ ಕ್ಯಾರೊಲೈನಾನೂ ಸೇರಿಸಿ. ಅವರು ಬರೋ ಮೊದಲು ಈ ಕಾಲೇಜು ಗೆದ್ದಿದ್ದ ಒಂದೇ ಕಾನ್ಫರೆನ್ಸ್ ಪ್ರಶಸ್ತಿ 1969ರದ್ದು. ಒಂದು ಸೀಸನ್‌ನಲ್ಲಿ 10ಕ್ಕಿಂತ ಜಾಸ್ತಿ ಪಂದ್ಯ ಗೆದ್ದಿದ್ದೇ ಇಲ್ಲ. ಅವರು 2011, 2012, 2013 ಮೂರೂ ವರ್ಷ 11 ಗೆಲುವು ತಂದರು. ನಮ್ಮದೇ ರಾಜ್ಯದ ಎದುರಾಳಿ ಕಾಲೇಜು ಕ್ಲೆಮ್ಸನ್ ವಿರುದ್ಧ ಸತತ ಐದು ವರ್ಷ ಗೆದ್ದರು. ಕ್ಲೆಮ್ಸನ್ ಅಂದ್ರೆ ಇಲ್ಲಿ ಏನು ಅಂತ ಹೊರಗಿನವರಿಗೆ ಅರ್ಥ ಆಗಲ್ಲ. ಆಫೀಸಿನಲ್ಲಿ, ಚರ್ಚಿನಲ್ಲಿ, ಮದುವೆ ಮನೆಯಲ್ಲಿ ಅದೇ ಜಗಳ.

2010ರ ಅಕ್ಟೋಬರ್ 9. ನಂಬರ್ ಒನ್ ಅಲಬಾಮಾ ನಮ್ಮೂರಿಗೆ ಬಂತು. ಸತತ 19 ಪಂದ್ಯ ಗೆದ್ದು ಬಂದಿತ್ತು. ಸೇಬನ್ ಕೋಚ್. ನಾವು 35–21ರಲ್ಲಿ ಗೆದ್ದೆವು. ಕ್ವಾರ್ಟರ್‌ಬ್ಯಾಕ್ ಸ್ಟೀಫನ್ ಗಾರ್ಸಿಯಾ 20 ಎಸೆತದಲ್ಲಿ 17 ಸರಿಯಾಗಿ ಮುಟ್ಟಿಸಿದ. ಗಾರ್ಸಿಯಾ ಮೇಲೆ ಊರಿನ ಯಾರಿಗೂ ನಂಬಿಕೆ ಇರಲಿಲ್ಲ, ಪದೇ ಪದೇ ಸಸ್ಪೆಂಡ್ ಆಗ್ತಿದ್ದ ಹುಡುಗ. ಅವನಿಂದ ಅಂಥ ಆಟ ತೆಗೆದಿದ್ದು ಕೋಚ್‌ನ ಕೈಚಳಕ ಅಂತ ನನ್ನ ಗಟ್ಟಿ ಅಭಿಪ್ರಾಯ.

ಫ್ಲಾರಿಡಾದಲ್ಲೂ ಸೌತ್ ಕ್ಯಾರೊಲೈನಾದಲ್ಲೂ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಅವರೇ. ಎರಡು ದೊಡ್ಡ ಕಾಲೇಜುಗಳಲ್ಲಿ ಈ ದಾಖಲೆ ಇಟ್ಟುಕೊಳ್ಳೋದು ಸಣ್ಣ ವಿಷಯ ಅಲ್ಲ.

ಶನಿವಾರದ_ಸಂತೆ
2015ರಲ್ಲಿ ಸೀಸನ್ ಮಧ್ಯದಲ್ಲೇ ಬಿಟ್ಟು ಹೋದದ್ದನ್ನೂ ಹೇಳಿ ಅಕ್ಕ. ಆರು ಪಂದ್ಯ ಆಗಿತ್ತು, ಎರಡು ಗೆಲುವು, ನಾಲ್ಕು ಸೋಲು. ಆ ಹುಡುಗರು ಇವರನ್ನು ನಂಬಿ ಬಂದಿದ್ದರು. ಕೊನೆಗೆ 3–9ಕ್ಕೆ ಸೀಸನ್ ಮುಗೀತು.

ಕೊಲಂಬಿಯಾ_ಕನ್ನಡತಿ
@ಶನಿವಾರದ_ಸಂತೆ ಅದು ನನಗೂ ನೋವು ಕೊಟ್ಟ ವಿಷಯ. ವರ್ಷದ ಕೊನೆಯವರೆಗೆ ನಿಲ್ಲಬೇಕಿತ್ತು. 70 ವಯಸ್ಸಾಗಿತ್ತು ಅನ್ನೋದು ನಿಜ, ಆದರೂ.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ನಮ್ಮ ರಾಜ್ಯದ ಸ್ಟೇಟ್‌ಹೌಸ್ ಆವರಣದಲ್ಲಿ ಕಾನ್ಫೆಡರೇಟ್ ಬಾವುಟ (ಗುಲಾಮಗಿರಿ ಉಳಿಸೋಕೆ ಯುದ್ಧ ಮಾಡಿದ ದಕ್ಷಿಣ ರಾಜ್ಯಗಳದ್ದು) ಹಾರುತ್ತಿತ್ತು. ಅದನ್ನು ಇಳಿಸಬೇಕು ಅಂತ ಸ್ಪರಿಯರ್ 2007ರಲ್ಲೇ ಬಾಯಿಬಿಟ್ಟು ಹೇಳಿದರು. ಫುಟ್ಬಾಲ್ ಕೋಚ್ ಆಗಿ ಇಲ್ಲಿ ಆ ಮಾತು ಆಡೋಕೆ ಧೈರ್ಯ ಬೇಕು. ಅವರ ತಂಡದ ಅರ್ಧಕ್ಕಿಂತ ಜಾಸ್ತಿ ಹುಡುಗರು ಕಪ್ಪು ಜನಾಂಗದವರು. ಬಾವುಟ ಇಳಿದದ್ದು 2015ರ ಜುಲೈನಲ್ಲಿ, ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನರ ಕೊಲೆ ಆದ ಮೇಲೆ.

ನಾಕ್ಸ್‌ವಿಲ್_ನಾಗ
ಇದು ಗೊತ್ತಿರಲಿಲ್ಲ. ಈ ವಿಷಯಕ್ಕೆ ಗೌರವ ಕೊಡ್ತೀನಿ.

ಗೇನ್ಸ್‌ವಿಲ್_ಅಪ್ಪ
ಎಲ್ಲರಿಗೂ ಥ್ಯಾಂಕ್ಸ್. ಆದರೆ "ಹೇಗೆ" ಅನ್ನೋದು ಇನ್ನೂ ಸಿಗಲಿಲ್ಲ. ಆಟದಲ್ಲಿ ಅವರು ಏನು ಬದಲಾಯಿಸಿದರು?

ಪ್ಲೇಬುಕ್_ಪ್ರಸಂಗ
ಇದಕ್ಕೆ ನಾನು ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ.

1990ರವರೆಗೂ ಎಸ್‌ಇಸಿ ಅಂದ್ರೆ ಓಟದ ಆಟ. ಚೆಂಡನ್ನು ಹಿಡಿದು ನುಗ್ಗು, ಮೂರು ಗಜ, ನಾಲ್ಕು ಗಜ, ಡಿಫೆನ್ಸ್ ಗಟ್ಟಿ ಇಟ್ಟುಕೋ, ಕಡಿಮೆ ಸ್ಕೋರ್‌ನಲ್ಲಿ ಗೆಲ್ಲು. ಎಸೆಯೋದು ಅಪಾಯ ಅನ್ನೋ ನಂಬಿಕೆ. ಸ್ಪರಿಯರ್ ಬಂದು ಮೊದಲ ಡೌನ್‌ನಿಂದಲೇ (ಡೌನ್ ಅಂದ್ರೆ ಚೆಂಡು ಮುಂದೆ ಒಯ್ಯೋಕೆ ಸಿಗೋ ಒಂದು ಪ್ರಯತ್ನ) ಎಸೆಯೋಕೆ ಶುರು ಮಾಡಿದರು. ಮೊದಲ ಪಂದ್ಯದಲ್ಲೇ ಒಕ್ಲಹೋಮಾ ಸ್ಟೇಟ್ ಮೇಲೆ 50–7. ಮುಂದಿನ ವಾರ ಅಲಬಾಮಾಗೆ ಹೋಗಿ 17–13ರಲ್ಲಿ ಗೆದ್ದು ಬಂದರು. ಆ ತಂಡದ ಕ್ವಾರ್ಟರ್‌ಬ್ಯಾಕ್ ಶೇನ್ ಮ್ಯಾಥ್ಯೂಸ್. ಆ ವರ್ಷದ ಆರಂಭದಲ್ಲಿ ಪಟ್ಟಿಯಲ್ಲಿ ತೀರಾ ಕೆಳಗಿದ್ದ ಹುಡುಗ. ಅಭ್ಯಾಸದಲ್ಲಿ ಎಲ್ಲರಿಗೂ ಸಮನಾಗಿ ಅವಕಾಶ ಕೊಟ್ಟು ನೋಡಿ ಅವನನ್ನು ಎತ್ತಿಕೊಂಡರು.

ಈ ಆಟಕ್ಕೆ "ಫನ್ ಅಂಡ್ ಗನ್" ಅಂತ ಹೆಸರು ಬಿತ್ತು. ಒಳಗಿನ ಗುಟ್ಟು ಏನಂದ್ರೆ, ಎಸೆದ ಚೆಂಡು ಹಿಡಿಯೋ ರಿಸೀವರ್ ಓಡೋ ದಾರಿ ಮೊದಲೇ ಕಲ್ಲಿನಲ್ಲಿ ಕೆತ್ತಿಟ್ಟ ಹಾಗೆ ಇರಲ್ಲ. ಡಿಫೆನ್ಸ್ ಹೇಗೆ ನಿಂತಿದೆ ನೋಡಿ ಅವನು ದಾರಿ ಬದಲಿಸ್ತಾನೆ. ಅದನ್ನೇ ಕ್ವಾರ್ಟರ್‌ಬ್ಯಾಕ್ ಕೂಡ ನೋಡಿರಬೇಕು. ರಿಸೀವರ್ ತಿರುಗೋ ಮೊದಲೇ ಚೆಂಡು ಕೈಬಿಟ್ಟಿರಬೇಕು. ಇಬ್ಬರ ಕಣ್ಣಿಗೂ ಒಂದೇ ವಿಷಯ ಕಾಣಬೇಕು. ಕಾಣದಿದ್ದರೆ ಸ್ಪರಿಯರ್ ತಲೆ ಮೇಲಿನ ವೈಸರ್ ಕಿತ್ತು ನೆಲಕ್ಕೆ ಎಸೀತಿದ್ದರು, ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದು ಬೆಂಚಿಗೆ ಕೂರಿಸುತ್ತಿದ್ದರು. 1997ರಲ್ಲಿ ನಂಬರ್ ಒನ್ ಫ್ಲಾರಿಡಾ ಸ್ಟೇಟ್ ವಿರುದ್ಧ ಡಗ್ ಜಾನ್ಸನ್, ನೋವಾ ಬ್ರಿಂಡೀಸ್ ಇಬ್ಬರನ್ನೂ ಒಂದೊಂದು ಪ್ಲೇಗೆ ಬದಲಾಯಿಸುತ್ತಾ ಆಡಿಸಿದರು. 32–29ಕ್ಕೆ ಗೆದ್ದರು. ಬದಲಾಯಿಸೋಕೆ ಕಾರಣ, ಪ್ರತಿ ಪ್ಲೇ ಬಗ್ಗೆ ಹುಡುಗನ ಕಿವಿಯಲ್ಲಿ ತಾವೇ ನೇರ ಹೇಳಿ ಕಳಿಸಬಹುದು ಅಂತ.

1996ರ ಕತೆ ಇನ್ನೂ ಚೆನ್ನಾಗಿದೆ. ನವೆಂಬರ್ 30ಕ್ಕೆ ಟಾಲಹಾಸಿಯಲ್ಲಿ ಫ್ಲಾರಿಡಾ ಸ್ಟೇಟ್ ಎದುರು 24–21ಕ್ಕೆ ಸೋತರು. ಆವತ್ತು ವರ್ಫಲ್‌ಗೆ ಬಿದ್ದ ಹೊಡೆತ ನೋಡೋಕಾಗಲ್ಲ. ಚೆಂಡು ಬಿಟ್ಟ ಮೇಲೂ ಹೊಡೆದರು ಅಂತ ಸ್ಪರಿಯರ್ ಗಲಾಟೆ ಮಾಡಿದರು. ಸೀಸನ್ ಕೊನೆಯ ದೊಡ್ಡ ಪಂದ್ಯ ಶುಗರ್ ಬೌಲ್‌ನಲ್ಲಿ ಅದೇ ತಂಡ ಮತ್ತೆ ಎದುರಾಯಿತು. ಅಲ್ಲಿಯವರೆಗೆ ಅವರ ಕ್ವಾರ್ಟರ್‌ಬ್ಯಾಕ್ ಹೆಚ್ಚಾಗಿ ಚೆಂಡು ಹಿಂದಕ್ಕೆ ಕೊಡೋ ಸೆಂಟರ್ ಹಿಂದೆ ಅಂಟಿಕೊಂಡೇ ನಿಲ್ಲುತ್ತಿದ್ದ. ಆವತ್ತು ಅವನನ್ನು ಐದಾರು ಗಜ ಹಿಂದೆ ನಿಲ್ಲಿಸಿದರು, ಶಾಟ್‌ಗನ್ ಅಂತಾರೆ. ಎಸೆಯೋಕೆ ಇನ್ನೊಂದು ಚೂರು ಸಮಯ ಸಿಕ್ಕಿತು. 52–20. ಫ್ಲಾರಿಡಾಗೆ ಮೊದಲ ನ್ಯಾಷನಲ್ ಟೈಟಲ್. ತನ್ನ ಪದ್ಧತಿಯನ್ನು ಅಷ್ಟು ಪ್ರೀತಿಸೋ ಮನುಷ್ಯ ದೊಡ್ಡ ಪಂದ್ಯಕ್ಕೆ ಅದನ್ನೇ ತಿದ್ದಿದ. ನನಗೆ ಸ್ಪರಿಯರ್ ಇಷ್ಟ ಆಗೋದು ಇದಕ್ಕೆ.

ಟಾಲಹಾಸಿ_ತಿಮ್ಮ
ಬರೀ ಗೆದ್ದಿದ್ದೇ ಹೇಳ್ತೀರಲ್ಲ. ಫ್ಲಾರಿಡಾ ಸ್ಟೇಟ್ ವಿರುದ್ಧ ಅವರ ಲೆಕ್ಕ 5 ಗೆಲುವು, 8 ಸೋಲು, 1 ಡ್ರಾ. ನಮ್ಮ ಕೋಚ್ ಬಾಬಿ ಬೌಡನ್ ಮುಂದೆ ಅವರ ಆಟ ನಡೀಲಿಲ್ಲ. ಆ ಡ್ರಾ ನೆನಪಿದೆ ತಾನೇ? 1994, ನಾಲ್ಕನೇ ಕ್ವಾರ್ಟರ್ ಶುರುವಾದಾಗ ಫ್ಲಾರಿಡಾ 31, ನಾವು 3. ಮುಗಿದಾಗ 31–31.

ಪ್ಲೇಬುಕ್_ಪ್ರಸಂಗ
@ಟಾಲಹಾಸಿ_ತಿಮ್ಮ ನೆನಪಿದೆ. ಆ ವರ್ಷ ಮತ್ತೆ ಶುಗರ್ ಬೌಲ್‌ನಲ್ಲೂ ನೀವೇ ಗೆದ್ದಿರಿ. ಬೌಡನ್ ಕೂಡ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕೇ, ಈಗ ಸ್ಯಾಮ್‌ಫರ್ಡ್ ಅಂತಾರಲ್ಲ, ಆ ಕಾಲೇಜು. 1995ರ ನೆಬ್ರಾಸ್ಕಾ ಪಂದ್ಯನೂ ಇದೆ, 62–24 ಸೋಲು. ಸೋಲಿಲ್ಲದೆ 12 ಗೆದ್ದು ಹೋಗಿ ಅಲ್ಲಿ ಮಣ್ಣು ಮುಕ್ಕಿದರು. ಅದಾದ ಮೇಲೆ ಡಿಫೆನ್ಸ್ ನೋಡಿಕೊಳ್ಳೋಕೆ ಬಾಬ್ ಸ್ಟೂಪ್ಸ್ ಅವರನ್ನು ಕರೆಸಿದರು. ಮುಂದಿನ ವರ್ಷವೇ ಟೈಟಲ್ ಬಂತು.

ಕಬಡ್ಡಿ_ಹುಚ್ಚ
ನಾನು ಮಂಡ್ಯ ಕಡೆಯವನು, ಈ ಆಟ ಗೊತ್ತಿಲ್ಲ. ಆದರೆ ದೊಡ್ಡ ಆಟಗಾರ ಕೋಚ್ ಆಗಲ್ಲ ಅನ್ನೋ ಮಾತಿಗೆ ತಕರಾರು. ನಮ್ಮ ಬಿ.ಸಿ. ರಮೇಶ್ ನೋಡಿ. ದೇಶಕ್ಕೆ ಆಡಿದವರು. ಪ್ರೊ ಕಬಡ್ಡಿಯಲ್ಲಿ ಕೋಚ್ ಆಗಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ ಕೊಡಿಸಿದರು, ಪುಣೇರಿ ಪಲ್ಟನ್‌ಗೂ ಕೊಡಿಸಿದರು.

ತುಮಕೂರು_ಹುಡುಗ
ದ್ರಾವಿಡ್ ಬಿಟ್ರಲ್ಲ! 19 ವರ್ಷದೊಳಗಿನವರಿಗೆ, ಎ ತಂಡಕ್ಕೆ ವರ್ಷಗಟ್ಟಲೆ ಪಾಠ ಮಾಡಿ ಆಮೇಲೆ ಸೀನಿಯರ್ ತಂಡಕ್ಕೆ ಬಂದರು. 2024ರ ಟಿ20 ವಿಶ್ವಕಪ್ ಗೆದ್ದು ಹೊರಟರು.

ಸುಮ್ನೆ_ಓದ್ತೀನಿ
ದ್ರಾವಿಡ್ ಹೆಸರು ಬಂತು, ಇನ್ನು ಈ ಚರ್ಚೆ ಕ್ರಿಕೆಟ್‌ಗೆ ಹೋಗುತ್ತೆ ನೋಡ್ತಿರಿ.

ಆನ್‌ಆರ್ಬರ್_ಅಭಿಮಾನಿ
ಹೋಗೋಕೆ ಬಿಡಲ್ಲ. ಜಿಮ್ ಹಾರ್ಬಾ ಬಗ್ಗೆ ಯಾರೂ ಯಾಕೆ ಮಾತಾಡ್ತಿಲ್ಲ? ಮಿಷಿಗನ್ ಕ್ವಾರ್ಟರ್‌ಬ್ಯಾಕ್. 1986ರಲ್ಲಿ ಒಹಾಯೊ ಸ್ಟೇಟ್ ಪಂದ್ಯಕ್ಕೆ ಮೊದಲು "ಗೆದ್ದೇ ಗೆಲ್ತೀವಿ" ಅಂತ ಹೇಳಿ, ಅವರ ಮೈದಾನದಲ್ಲಿ 26–24ಕ್ಕೆ ಗೆದ್ದ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಡ್ತಿದ್ದಾಗಲೇ ವೆಸ್ಟರ್ನ್ ಕೆಂಟಕಿಯಲ್ಲಿ ಅಪ್ಪನ ತಂಡಕ್ಕೆ ಸಂಬಳ ಇಲ್ಲದೆ ಸಹಾಯಕ ಕೋಚ್ ಆಗಿದ್ದ. ಮೊದಲ ಹೆಡ್ ಕೋಚ್ ಕೆಲಸ ಸ್ಕಾಲರ್‌ಶಿಪ್ಪೇ ಇಲ್ಲದ ಯೂನಿವರ್ಸಿಟಿ ಆಫ್ ಸ್ಯಾನ್ ಡಿಯಾಗೋ ತಂಡದಲ್ಲಿ. ಆಮೇಲೆ ಸ್ಟ್ಯಾನ್‌ಫರ್ಡ್. 2007ರಲ್ಲಿ 41 ಪಾಯಿಂಟ್‌ನಿಂದ ಸೋಲ್ತಾರೆ ಅಂತ ಎಲ್ಲರೂ ಲೆಕ್ಕ ಹಾಕಿದ್ದ ಪಂದ್ಯದಲ್ಲಿ ಯುಎಸ್‌ಸಿಯನ್ನು (ಸದರ್ನ್ ಕ್ಯಾಲಿಫೋರ್ನಿಯಾ) 24–23ಕ್ಕೆ ಸೋಲಿಸಿದ.

2015ರಲ್ಲಿ ಮಿಷಿಗನ್‌ಗೆ ವಾಪಸ್ ಬಂದ. 2020ರಲ್ಲಿ 2–4 ಆದಾಗ ಇವನನ್ನು ಓಡಿಸಿ ಅಂತ ಅರ್ಧ ಊರು ಹೇಳ್ತಿತ್ತು. ಮುಂದಿನ ಮೂರು ವರ್ಷ ಒಹಾಯೊ ಸ್ಟೇಟ್ ಅನ್ನು ಸತತ ಸೋಲಿಸಿದ. 2024ರ ಜನವರಿ 8ರಂದು ನ್ಯಾಷನಲ್ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ವಾಷಿಂಗ್ಟನ್ ಕಾಲೇಜ್ ಮೇಲೆ 34–13, ಸೀಸನ್ ಲೆಕ್ಕ 15–0. ಓದಿದ ಕಾಲೇಜಿಗೆ ಆಟಗಾರನಾಗಿಯೂ ಕೋಚ್ ಆಗಿಯೂ ಇಷ್ಟು ಕೊಟ್ಟವರು ಸ್ಪರಿಯರ್ ಬಿಟ್ಟರೆ ಇವನೇ.

ಶನಿವಾರದ_ಸಂತೆ
ಎದುರು ತಂಡದ ಸನ್ನೆ ಕದ್ದ ಹಗರಣ ಬಿಟ್ಟುಬಿಟ್ರಿ. ಅದೇ ಸೀಸನ್‌ನಲ್ಲಿ ಹಾರ್ಬಾ ಎರಡು ಸಲ ಸಸ್ಪೆಂಡ್ ಆಗಿ ಒಟ್ಟು ಆರು ಪಂದ್ಯ ಹೊರಗಿದ್ದರು. ಗೆದ್ದ ಕೂಡಲೇ ಎನ್‌ಎಫ್‌ಎಲ್‌ಗೆ ಹೋದರು.

ಆನ್‌ಆರ್ಬರ್_ಅಭಿಮಾನಿ
ಮೊದಲ ಮೂರು ಪಂದ್ಯ ಬೇರೆ ವಿಷಯಕ್ಕೆ, ನೇಮಕಾತಿ ನಿಯಮದ ಗಲಾಟೆ. ಸನ್ನೆ ವಿಷಯಕ್ಕೆ ಕೊನೆಯ ಮೂರು ಮಾತ್ರ. ಎರಡನ್ನೂ ಒಂದೇ ಮಾಡಬೇಡಿ.

ಲಿಂಕನ್_ಲೋಕೇಶಿ
ಎಲ್ಲಾ ಕತೆ ಹೀಗೆ ಮುಗಿಯಲ್ಲ. ನಮ್ಮ ನೆಬ್ರಾಸ್ಕಾದ ಸ್ಕಾಟ್ ಫ್ರಾಸ್ಟ್ ನೋಡಿ. 1997ರಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ನ್ಯಾಷನಲ್ ಟೈಟಲ್ ಗೆಲ್ಲಿಸಿದ. 2017ರಲ್ಲಿ ಯುಸಿಎಫ್ (ಸೆಂಟ್ರಲ್ ಫ್ಲಾರಿಡಾ) ಕೋಚ್ ಆಗಿ 13–0. ಮನೆ ಮಗ ವಾಪಸ್ ಬಂದ ಅಂತ ಇಡೀ ರಾಜ್ಯ ಕುಣೀತು. ಬಂದದ್ದು 16 ಗೆಲುವು, 31 ಸೋಲು. ಸಣ್ಣ ಅಂತರದಲ್ಲೇ ಎಷ್ಟೊಂದು ಸೋಲು. 2022ರ ಸೆಪ್ಟೆಂಬರ್‌ನಲ್ಲಿ ತೆಗೆದುಹಾಕಿದರು. ಊರಿನ ಹೀರೋನೇ ಕೋಚ್ ಆಗಿ ಸೋತರೆ ಜನಕ್ಕೆ ಆಗೋ ಸಂಕಟ ಬೇರೆ. ಬಯ್ಯೋಕೂ ಮನಸ್ಸು ಬರಲ್ಲ, ಬಯ್ಯದೇ ಇರೋಕೂ ಆಗಲ್ಲ.

ರೆಡ್‌ರೈಡರ್_ರವಿ
ಟೆಕ್ಸಸ್ ಟೆಕ್‌ನ ಕ್ಲಿಫ್ ಕಿಂಗ್ಸ್‌ಬರಿ ಕೂಡ ಹಾಗೇ. ಅದೇ ಕಾಲೇಜಿನ ಸ್ಟಾರ್ ಕ್ವಾರ್ಟರ್‌ಬ್ಯಾಕ್. ಮುಂದೆ ಎನ್‌ಎಫ್‌ಎಲ್ ಸ್ಟಾರ್ ಆದ ಪ್ಯಾಟ್ರಿಕ್ ಮಹೋಮ್ಸ್ ಕೈಲಿದ್ದೂ ಕೋಚ್ ಆಗಿ ಆರು ವರ್ಷದಲ್ಲಿ 35–40.

ನಾಕ್ಸ್‌ವಿಲ್_ನಾಗ
ನಮ್ಮ ಜಾಶ್ ಹೈಪಲ್ ಹೆಸರೂ ಬರಲಿ. 2000ದಲ್ಲಿ ಒಕ್ಲಹೋಮಾಗೆ ಟೈಟಲ್ ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್, ಹೈಸ್ಮನ್‌ನಲ್ಲಿ ಎರಡನೇ ಸ್ಥಾನ. ಅದೇ ಕಾಲೇಜು ಅವರನ್ನು ಸಹಾಯಕ ಕೋಚ್ ಕೆಲಸದಿಂದ ತೆಗೆದುಹಾಕಿತು. ಯೂಟಾ ಸ್ಟೇಟ್, ಮಿಸೌರಿ, ಯುಸಿಎಫ್ ಅಂತ ಸುತ್ತಿ ಇಲ್ಲಿಗೆ ಬಂದರು. 2022ರಲ್ಲಿ ಅಲಬಾಮಾ ಮೇಲೆ 52–49. ಆ ರಾತ್ರಿ ಜನ ಗೋಲ್ ಪೋಸ್ಟ್ ಕಿತ್ತುಕೊಂಡು ಹೋಗಿ ನದಿಗೆ ಹಾಕಿದರು.

ಡರ್ಹಮ್_ರಾಯರು
ನಾಗ ಅವರೇ, ನೀವೇ ನನ್ನ ವಾದಕ್ಕೆ ಸಾಕ್ಷಿ ಕೊಟ್ಟಿರಿ. ಅಪ್ಪ ಅವರ ಪ್ರಶ್ನೆಗೆ ನನ್ನ ಉತ್ತರ ಇದು: ಸ್ಪರಿಯರ್ ಸ್ಟಾರ್ ಆಗಿದ್ದು ಕಾಲೇಜಿನಲ್ಲಿ ಮಾತ್ರ. ಆಮೇಲೆ ಏನಾಯಿತು ನೋಡಿ. 1967ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಕಾಲೇಜ್ ಆಟಗಾರರನ್ನು ಸರದಿಯಲ್ಲಿ ಆರಿಸೋದು) ಮೂರನೆಯವರಾಗಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿದರು. ಅಲ್ಲಿ ಜಾನ್ ಬ್ರೋಡಿ ಇದ್ದರು. ಇವರು ಹೆಚ್ಚಾಗಿ ಬೆಂಚಿನಲ್ಲಿ, ಪಂಟ್ ಒದೆಯೋ ಕೆಲಸ, ಅಂದ್ರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡೋದು. 1976ರಲ್ಲಿ ಹೊಸ ತಂಡ ಟ್ಯಾಂಪಾ ಬೇಗೆ ಕಳಿಸಿದರು. ಆ ವರ್ಷ ಅವರ ಲೆಕ್ಕ 0–14, ಒಂದೂ ಗೆಲುವಿಲ್ಲ. ಹೈಸ್ಮನ್ ಗೆದ್ದವರಿಗೆ ಇದಕ್ಕಿಂತ ಕೆಳಗೆ ಹೋಗೋ ಜಾಗ ಇಲ್ಲ.

ಆಮೇಲೆ ತಾವು ಓದಿದ ಫ್ಲಾರಿಡಾದಲ್ಲೇ 1978ರಲ್ಲಿ ಸಹಾಯಕ ಕೆಲಸ ಸಿಕ್ಕಿತು, ಒಂದೇ ವರ್ಷಕ್ಕೆ ಹೋಯಿತು. ಜಾರ್ಜಿಯಾ ಟೆಕ್ ಒಂದು ವರ್ಷ. ಮತ್ತೆ ಡ್ಯೂಕ್‌ನಲ್ಲಿ ಆಫೆನ್ಸ್ ನೋಡಿಕೊಳ್ಳೋ ಕೆಲಸ. ಅಲ್ಲಿಂದ ಯುಎಸ್‌ಎಫ್‌ಎಲ್ ಅನ್ನೋ ಹೊಸ ಲೀಗ್‌ನಲ್ಲಿ ಟ್ಯಾಂಪಾ ಬೇ ಬ್ಯಾಂಡಿಟ್ಸ್‌ಗೆ ಹೆಡ್ ಕೋಚ್. ಆ ಲೀಗೇ ಮುಚ್ಚಿಹೋಯಿತು. ಹೀಗೆ ಸುತ್ತಾಡಿ ಬಂದವರು ಅವರು. ಬೆಂಚಿನಲ್ಲಿ ಕೂತು ವರ್ಷಗಟ್ಟಲೆ ಆಟ ನೋಡಿದವರಿಗೆ, ಐದನೇ ಸಾಲಿನಲ್ಲಿ ಕೂತ ಮ್ಯಾಥ್ಯೂಸ್‌ನಂಥ ಹುಡುಗ ಕಣ್ಣಿಗೆ ಬೀಳ್ತಾನೆ. ಆಡಿದ ಕಾಲದ ಹೆಸರನ್ನೇ ನೆಚ್ಚಿಕೊಂಡು ಬಂದವರಿಗೆ ಬೀಳಲ್ಲ.

ಪ್ಲೇಬುಕ್_ಪ್ರಸಂಗ
ರಾಯರೇ, ಅರ್ಧ ಒಪ್ತೀನಿ. ಬೆಂಚಿನಲ್ಲಿ ಕೂತವರೆಲ್ಲ ಕೋಚ್ ಆಗಲ್ಲ. ಫ್ರಾಸ್ಟ್ ಕೂಡ ಎನ್‌ಎಫ್‌ಎಲ್‌ನಲ್ಲಿ ದೊಡ್ಡ ಹೆಸರು ಮಾಡದೇ ಡಿಫೆನ್ಸ್‌ನಲ್ಲಿ ಆಡಿ, ಆರೆಗಾನ್‌ನಲ್ಲಿ ಸಹಾಯಕ ಆಗಿದ್ದು ಬಂದವನೇ. ಸ್ಪರಿಯರ್‌ಗೆ ಧೈರ್ಯ ಹುಟ್ಟಿನಿಂದ ಇತ್ತು. 1966ರ ಆಬರ್ನ್ ಪಂದ್ಯ ನೋಡಿ. 27–27 ಇದ್ದಾಗ 40 ಗಜದ ಫೀಲ್ಡ್ ಗೋಲ್ (ಗೋಲ್ ಪೋಸ್ಟ್ ನಡುವೆ ಚೆಂಡು ಒದೆಯೋದು) ಬೇಕಿತ್ತು. ದಿನಾ ಒದೆಯೋ ಕಿಕ್ಕರ್‌ಗೆ ದೂರ ಆಗುತ್ತೆ ಅಂತ ಕ್ವಾರ್ಟರ್‌ಬ್ಯಾಕ್ ತಾನೇ ಹೋಗಿ ಒದ್ದು ಗೆಲ್ಲಿಸಿದ. ಹೈಸ್ಮನ್ ಬಂದಿದ್ದೇ ಆ ಒದೆತಕ್ಕೆ ಅಂತ ಇವತ್ತಿಗೂ ಹೇಳ್ತಾರೆ.

ಗೇನ್ಸ್‌ವಿಲ್_ಅಪ್ಪ
ಹಾಗಾದರೆ ಎನ್‌ಎಫ್‌ಎಲ್‌ನ ವಾಷಿಂಗ್ಟನ್ ತಂಡಕ್ಕೆ ಕೋಚ್ ಆದಾಗ ಸ್ಪರಿಯರ್ ಯಾಕೆ ಸೋತರು? ಐದು ವರ್ಷಕ್ಕೆ 25 ಮಿಲಿಯನ್ ಡಾಲರ್ ಒಪ್ಪಂದ ಆಗಿತ್ತಲ್ಲ.

ಪೊಟೊಮ್ಯಾಕ್_ಪುಟ್ಟ
2002ರಲ್ಲಿ 7–9, 2003ರಲ್ಲಿ 5–11. ಎರಡೇ ವರ್ಷಕ್ಕೆ ಬಿಟ್ಟರು, ಉಳಿದ ಮೂರು ವರ್ಷದ ಹಣವನ್ನೂ ಬಿಟ್ಟರು. ಕಾಲೇಜಿನಲ್ಲಿ ನಿಮ್ಮ ರಿಸೀವರ್ ಎದುರಿಗಿನವನಿಗಿಂತ ವೇಗ ಇದ್ದರೆ ಅರ್ಧ ಕೆಲಸ ಆಯಿತು. ಎನ್‌ಎಫ್‌ಎಲ್‌ನಲ್ಲಿ ಎಲ್ಲರೂ ವೇಗದವರೇ. ಕ್ವಾರ್ಟರ್‌ಬ್ಯಾಕ್‌ಗೆ ರಕ್ಷಣೆ ಕೊಡೋರನ್ನು ಕಡಿಮೆ ಇಟ್ಟು ಎಲ್ಲರನ್ನೂ ಓಡಿಸಿದರೆ, ಪಾಪ, ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ರ‍್ಯಾಮ್ಸಿ ತಿಂದ ಹೊಡೆತ ಅಷ್ಟಿಷ್ಟಲ್ಲ. ತಮ್ಮ ಹಳೇ ಶಿಷ್ಯರಾದ ವರ್ಫಲ್, ಮ್ಯಾಥ್ಯೂಸ್ ಇಬ್ಬರನ್ನೂ ಕರೆಸಿದ್ದರು, ಅದೂ ನಡೀಲಿಲ್ಲ. ನನಗನ್ನಿಸೋದು, ಅವರು ಕಾಲೇಜ್ ಕೋಚೇ. 18 ವರ್ಷದ ಹುಡುಗನಿಗೆ ಕಲಿಸೋ ಮನುಷ್ಯ.

ಕೊಲಂಬಿಯಾ_ಕನ್ನಡತಿ
ಆ ಹುಡುಗರಿಗೆ ದುಡ್ಡು ಕೊಡಿ ಅಂತ ಮೊದಲೇ ಹೇಳಿದವರಲ್ಲೂ ಅವರಿದ್ದರು. 2011ರಲ್ಲಿ ಎಸ್‌ಇಸಿ ಸಭೆಯಲ್ಲಿ, ಒಂದು ಪಂದ್ಯಕ್ಕೆ ಆಟಗಾರನಿಗೆ 300 ಡಾಲರ್ ಕೊಡೋಣ, ಕೋಚ್‌ಗಳು ತಮ್ಮ ಜೇಬಿನಿಂದಲೇ ಹಾಕೋಣ ಅಂದಿದ್ದರು. ಆಗ ಅದು ಜಾರಿಗೆ ಬರಲಿಲ್ಲ. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು.

ಟಾಲಹಾಸಿ_ತಿಮ್ಮ
ಈಗ ಎನ್‌ಎಫ್‌ಎಲ್‌ನ ಹಳೇ ಸ್ಟಾರ್ ಕ್ವಾರ್ಟರ್‌ಬ್ಯಾಕ್ ಮೈಕಲ್ ವಿಕ್ ಕೂಡ ನಾರ್ಫೋಕ್ ಸ್ಟೇಟ್‌ಗೆ ಕೋಚ್ ಆಗಿ ಹೋಗಿದ್ದಾರೆ, 2024ರ ಡಿಸೆಂಬರ್‌ನಲ್ಲಿ ನೇಮಕ ಆಯಿತು. ಅದಕ್ಕೆ ಮೊದಲು ಕಾಲೇಜಿನಲ್ಲಿ ಸಹಾಯಕ ಕೋಚ್ ಆಗಿಯೂ ಕೆಲಸ ಮಾಡಿಲ್ಲ. ರಾಯರ ಲೆಕ್ಕದ ಪ್ರಕಾರ ಕಷ್ಟ ಅಲ್ವಾ?

ಡರ್ಹಮ್_ರಾಯರು
ಕಷ್ಟವೇ. ಆದರೆ ವಿಕ್ ಜೈಲು ನೋಡಿ ಬಂದು, ಮತ್ತೆ ಕ್ವಾರ್ಟರ್‌ಬ್ಯಾಕ್ ಆಗಿ ನಿಂತವರು. ಸೋಲು ಗೊತ್ತಿದೆ, ಪಾಠ ಮಾಡೋದು ಇನ್ನು ಕಲೀಬೇಕು. ಸಣ್ಣ ಕಾಲೇಜು, ಕಡಿಮೆ ಹಣ. ನಾಲ್ಕು ವರ್ಷ ಟೈಮ್ ಕೊಟ್ಟು ನೋಡೋಣ.

ಲಿಂಕನ್_ಲೋಕೇಶಿ
ನಾಲ್ಕು ವರ್ಷ ಈಗ ಯಾರು ಕೊಡ್ತಾರೆ ರಾಯರೇ? ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಕಾಲೇಜು ಬದಲಿಸೋಕೆ ಹೆಸರು ಕೊಡೋ ಪಟ್ಟಿ) ಬಂದ ಮೇಲೆ ಒಂದು ವರ್ಷ ಸೋತರೆ ಒಳ್ಳೆ ಹುಡುಗರೆಲ್ಲ ಬೇರೆ ಕಾಲೇಜಿಗೆ ಹೋಗ್ತಾರೆ. ಸ್ಪರಿಯರ್‌ಗೆ ಡ್ಯೂಕ್‌ನಲ್ಲಿ ಸಿಕ್ಕ ಮೂರನೇ ವರ್ಷ ಈಗಿನವರಿಗೆ ಸಿಗಲ್ಲ.

ಪ್ಲೇಬುಕ್_ಪ್ರಸಂಗ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಲೋಕೇಶಿ, ಹೇಳೋದು ತುಂಬಾ ಇದೆ. ಸ್ಪರಿಯರ್ ಈಗ ಕೋಚ್ ಆಗಿದ್ದರೆ ಮೊದಲ ದಿನವೇ ಪೋರ್ಟಲ್‌ನಿಂದ ಇಬ್ಬರು ಕ್ವಾರ್ಟರ್‌ಬ್ಯಾಕ್ ತರುತ್ತಿದ್ದರು, ಎರಡನೇ ವಾರಕ್ಕೆ ಇಬ್ಬರನ್ನೂ ಬೆಂಚಿಗೆ ಕಳಿಸುತ್ತಿದ್ದರು ಅಂತ ನನ್ನ ನಂಬಿಕೆ.